ತೊಗರಿ ರಾಶಿ, ಮೂರನೇ ಅಧ್ಯಾಯ

ಚಿತ್ತಾಪುರ ತಾಲ್ಲೂಕಿನ ದಂಡೋತಿಯಲ್ಲಿ ಎಳ್ಳಮಾವಾಸ್ಯೆ ಮುಗಿದ ಮೇಲೆ ನಡೆದ ಮಾತಿದು. ಒಬ್ಬರು ಪದವಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ, ಪಿಎಚ್.ಡಿ.ಯ ನಾಲ್ಕನೇ ವರ್ಷದಲ್ಲಿರುವವಳು. ಶಹಾಬಾದ್ ಪರ್ಸಿಕಲ್ಲಿನ ಖಣಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಬದುಕು ಅವಳ ಸಂಶೋಧನೆಯ ವಿಷಯ. ಮಾತು ನಮ್ಮ ಸೀಮೆಯದು. ತಿದ್ದದೆ ಹಾಗೇ ಇಟ್ಟಿದ್ದೇನೆ.

— ಏನ್ ತಂಗಿ, ಮಾರಿ ಯಾಕ್ ಹಿಂಗ್ ಸಣ್ಣ ಮಾಡ್ಕೊಂಡಿ? ತೊಗರಿ ರಾಶಿ ಮುಗೀಲಿಲ್ಲೇನು?

— ರಾಶಿ ಮುಗೀತ್ರಿ ಸರ್. ಮಷಿನ್ ಬಂದು ಒಂದೇ ಮಧ್ಯಾಹ್ನದಾಗ ಮಾಡಿ ಹೋಯ್ತು. ಮುಗೀಲಾರದ್ದು ನನ್ನ ಮೂರನೇ ಅಧ್ಯಾಯ. ಮುಂದಿನ ತಿಂಗಳು ಸಲಹಾ ಸಮಿತಿ ಮುಂದ ಕೂಡಬೇಕು. ಸೆಮಿಸ್ಟರಿಗೊಮ್ಮೆ ಕರದು ಏನ್ ಮಾಡೀರಿ ತೋರ್ಸ್ರಿ ಅಂತಾರ. ತೋರ್ಸಲಕ್ಕ ತೊಗರಿ ಅದ, ಹಾಳಿ ಇಲ್ಲ.

— ಹೊತ್ತು ಸಿಗಲಿಲ್ಲೇನು?

— ಹೊತ್ತಿನ ಲೆಕ್ಕ ಪಕ್ಕಾ ಇಟ್ಟೀನ್ರಿ. ಇಲ್ನೋಡ್ರಿ, ಫೋನಿನಾಗ. ಐದಕ್ಕ ಏಳೋದು, ಐದೂವರಿಗಿ ಓದೋದು, ಎಂಟರ ತನಕ ಬರಿಯೋದು. ಒಂದೊಂದಕ್ಕ ಒಂದೊಂದು ಬಣ್ಣ. 25 ಮಿನಿಟ್ ಬರೀರಿ, 5 ಮಿನಿಟ್ ಬಿಡ್ರಿ ಅಂತ ಗಂಟಿ ಬ್ಯಾರೆ ಹೊಡೀತದ.

— ಆ 25 ಮಿನಿಟಿನ ಪದ್ಧತಿ ಇಟಲಿಯವಂದು. ಫ್ರಾನ್ಸೆಸ್ಕೊ ಸಿರಿಲ್ಲೊ ಅಂತ. 1980ರ ದಶಕದ ಕೊನಿಗಿ ಕಾಲೇಜ್ ಓದ್ಲತ್ತಿದ್ದ, ಓದಿನ ಮ್ಯಾಲ ಮನಸ್ಸು ನಿಲ್ಲವಲ್ದಾಗಿತ್ತು. ಅಡಿಗಿ ಮನ್ಯಾಗಿನ ಟೊಮೆಟೊ ಆಕಾರದ ಟೈಮರ್ ತಂದು ಮುಂದಿಟ್ಕೊಂಡ. ಅಲ್ಲಿಂದ ಜಗತ್ತಿನ ತುಂಬ ಹಬ್ಬ್ಯದ.

— ಆ ಅಡಿಗಿ ಮನ್ಯಾಗ ಅಡಿಗಿ ಯಾರು ಮಾಡ್ತಿದ್ರು ಅನ್ನೋದು ಎಲ್ಲೂ ಬರದಿಲ್ಲ ಸರ್. ನನ್ನ 25 ಮಿನಿಟಿನಾಗ ನಮ್ಮವ್ವ ಒಮ್ಮಿ ಹಿಟ್ಟು ನಾದ್ಲಕ್ಕ ಕರೀತಾಳ, ಒಮ್ಮಿ ಬಂದವ್ರಿಗಿ ಚಾ ಇಡು ಅಂತಾಳ. ಗಂಟಿ ಹೊಡದಾಗ ನಾ ರೊಟ್ಟಿ ಬಡೀತಿರ್ತೀನಿ.

— ಬಣ್ಣದ ಪಟ್ಟಿ ಹಾಕಿ ಎಷ್ಟು ದಿನ ನಡೀತು?

— ಮಳಿ ಹಿಡಿಯೋ ತನಕ. ಆಮ್ಯಾಲ ಬಿತ್ತನಿ, ಕಳೆ, ಔಷಧ. ಕಾಗಿಣಾ ತುಂಬಿ ಸೇತುವಿ ಮುಳುಗ್ತು ಅಂದ್ರ ಚಿತ್ತಾಪುರ–ಕಲಬುರಗಿ ಬಸ್ಸೇ ಬಂದ್. ಅವತ್ತೇ ಗೈಡ್ ಸಾಹೇಬ್ರು ಬಾ ಅಂದಿರ್ತಾರ. ನದಿ ತುಂಬ್ಯದ್ರಿ ಅಂದ್ರ ಫೋನಿನಾಗ ಜರಾ ಹೊತ್ತು ಮಾತೇ ಬರಂಗಿಲ್ಲ. ನಂಬ್ಯಾರೋ ಇಲ್ಲೋ ಯಾರಿಗಿ ಗೊತ್ತು!

— ನೀ ದಿನದ ಪಟ್ಟಿ ಹಾಕ್ಕೊಂಡಿ. ದಂಡೋತ್ಯಾಗ ಇರೋರಿಗಿ ದಿನ ಅನ್ನೋದು ಒಂದೇ ತರ ಇರಂಗಿಲ್ಲ. ಜುಲೈದ ಮಂಗಳವಾರನೇ ಬ್ಯಾರೆ, ಏಪ್ರಿಲ್‌ದ ಮಂಗಳವಾರನೇ ಬ್ಯಾರೆ. ಆ ಇಟಲಿ ಪದ್ಧತಿ ಎಲ್ಲಾ ದಿನ ಸಮ ಇರೋ ಪಟ್ಟಣದವ್ರಿಗಿ. ನೀ ವರ್ಷದ ಲೆಕ್ಕ ಹಾಕು.

— ವರ್ಷದ ಲೆಕ್ಕ ವಿಶ್ವವಿದ್ಯಾಲಯದವ್ರು ಆಗಲೇ ಹಾಕಿಟ್ಟಾರಲ್ರಿ. ಕಮ್ಮಿ ಅಂದ್ರ ಮೂರು, ಜಾಸ್ತಿ ಅಂದ್ರ ಆರು.

(ಓದುಗರಿಗೆ ಇಲ್ಲೊಂದು ಮಾತು. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್.ಡಿ.ಗೆ, ಕೋರ್ಸ್ ವರ್ಕ್ ಸೇರಿ, ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ ಸಿಗಬಹುದು. ಹೆಣ್ಣುಮಕ್ಕಳಿಗೆ ಅದರ ಮೇಲೆ ಮತ್ತೆರಡು, ಒಟ್ಟು 10 ದಾಟುವಂತಿಲ್ಲ. ಹೆಣ್ಣುಮಕ್ಕಳ ಹೊತ್ತು ಎಲ್ಲಿ ಹೋಗುತ್ತದೆ ಎಂಬುದು ಸರ್ಕಾರಿ ಕಾಗದಕ್ಕೂ ಗೊತ್ತಿದೆ, ಕಾರಣ ಮಾತ್ರ ಅಲ್ಲಿ ಬರೆದಿಲ್ಲ.)

— ಆರು ವರ್ಷ ಅಂದಿ ನೋಡು, ನನಗ ಮಳಖೇಡ ನೆನಪಾಯ್ತು. ಇದೇ ಕಾಗಿಣಾ ದಂಡಿ ಮ್ಯಾಲ, ನಮಗಿಂತ ಮ್ಯಾಲಕ್ಕ ಅದ. ರಾಷ್ಟ್ರಕೂಟರ ಮಾನ್ಯಖೇಟ ಅಂದ್ಕೂಡ್ಲೇ ಮಂದಿ ಅಮೋಘವರ್ಷ, ಕವಿರಾಜಮಾರ್ಗ ಅಂತಾರ. ಸರಿನೇ. ಆದ್ರ ಪುಷ್ಪದಂತ ಅಂತ ಒಬ್ಬ ಕವಿ ಅಲ್ಲಿ ಕುಂತು ಅಪಭ್ರಂಶದಾಗ ಮಹಾಪುರಾಣ ಬರದಾನ. 959ರಾಗ ಶುರು ಮಾಡಿ 965ರಾಗ ಮುಗಿಸ್ಯಾನ. ಎಷ್ಟಾಯ್ತು?

— ಆರು ವರ್ಷ. ಮರುನೋಂದಣಿ ಇಲ್ದೇ!

— ಅದರಾಗೂ ನಡುವ ಮನಸ್ಸು ಮುರದು ಬರಿಯೋದು ನಿಂತಿತ್ತು. ಆದಿಪುರಾಣದ ಭಾಗ ಮುಗದ ಮ್ಯಾಲ ಕೈ ಓಡವಲ್ದಾಯ್ತು. ಅಷ್ಟು ದೊಡ್ಡ ಕವಿಗೇ ಹಂಗಾಗಿದ್ದು ಖರೆ ಇದ್ರ, ನಿನ್ನ ಮೂರನೇ ಅಧ್ಯಾಯ ಹಟ ಹಿಡಿದದ್ದು ಏನ್ ದೊಡ್ಡ ಸುದ್ದಿ?

— ಸರ್, ಆ ಪುಷ್ಪದಂತ ಇದ್ದದ್ದು ಯಾರ ಮನ್ಯಾಗ?

— ಭರತ ಅಂತ ಮಂತ್ರಿ ಇದ್ದ. ಅಲೀತಾ ಬಂದ ಕವಿನ್ನ ಕರ್ಕೊಂಡು ಹೋಗಿ ಇಟ್ಕೊಂಡ. ಕವಿ ಕೈ ಬಿಟ್ಟು ಕುಂತಾಗ, ಬರಿ ಅಂತ ಮತ್ತ ಕೂಡ್ಸಿದಾವನೂ ಅವನೇ.

— ಹಂಗಂದ್ರ ಊಟ, ವಸತಿ, ಧೈರ್ಯ ಮೂರೂ ಮಂತ್ರಿ ಕಡಿಂದ. ಆರು ವರ್ಷದಾಗ ಮುಗೀತು ಅನ್ನೋದು ಕವಿ ಹೊತ್ತು ಹ್ಯಾಂಗ್ ಬಳಸ್ದ ಅನ್ನೋ ಕಥಿ ಅಲ್ರಿ, ಹೊತ್ತು ಯಾರು ಕೊಟ್ರು ಅನ್ನೋ ಕಥಿ. ನನಗ ಜೆಆರ್‌ಎಫ್ ಶಿಷ್ಯವೇತನ ಇಲ್ಲ. ಇದ್ದವ್ರಿಗಿ 2023ರಿಂದ ತಿಂಗಳಿಗಿ 37,000 ಆಗ್ಯದ. ನಾ ಅತಿಥಿ ಉಪನ್ಯಾಸಕಿ. ವಾರಕ್ಕ 15 ತಾಸು ಪಾಠ, ಅದಕ್ಕ ತಯಾರಿ, ಪೇಪರ್ ನೋಡೋದು, ಹೋಗಿ ಬರೋದು. ಜೂನ್ ಬಂದ್ರ ನೆಟ್ ಪರೀಕ್ಷೆ, ಡಿಸೆಂಬರ್ ಬಂದ್ರ ಮತ್ತ ನೆಟ್. ಜೆಆರ್‌ಎಫ್ ಆದ್ರ ಪಿಎಚ್.ಡಿ.ಗಿ ಹೊತ್ತು ಸಿಗ್ತದ ಅಂತ ಪಿಎಚ್.ಡಿ. ಹೊತ್ತು ತಿಂದು ನೆಟ್ ಓದ್ತೀನಿ.

— ಅದು ಖರೆ. ಅದಕ್ಕ ನನ್ನ ಹತ್ರ ಉತ್ತರ ಇಲ್ಲ. ಆದ್ರ ನೀ ಹೇಳಿದ್ದು ಹೊಸಾದೇನಲ್ಲ. ಇಲ್ಲೇ ಚಿತ್ತಾಪುರದ ಮಗ್ಗಲಾಗ ನಾಗಾವಿ ಅದ ನೋಡು.

— ಎಲ್ಲಮ್ಮನ ಗುಡಿ. ಜಾತ್ರಿಗಿ ಹೋಗೇವಲ್ರಿ.

— ಜಾತ್ರಿಗಿ ಹೋದವ್ರು ತೆಂಗು ಒಡದು ಬರ್ತಾರ, ಅರವತ್ತು ಕಂಬದ ಗುಡಿ ನೋಡಿದವ್ರು ಕಮ್ಮಿ, ಶಾಸನ ಓದಿದವ್ರು ಇನ್ನಾ ಕಮ್ಮಿ. ಅದು ಘಟಿಕಾಸ್ಥಾನ, ಅಂದ್ರ ಆ ಕಾಲದ ವಿದ್ಯಾಕೇಂದ್ರ ಆಗಿತ್ತು. ಚಾಲುಕ್ಯ ಒಂದನೇ ಸೋಮೇಶ್ವರನ ಕಾಲದಾಗ, 1058ರಾಗ, ಮಧುಸೂದನ ಅನ್ನೋ ದಂಡನಾಯಕ ಕಟ್ಟಿಸಿದ್ದು. ವೇದ ಓದವ್ರೇ 200 ಮಂದಿ, ಶಾಸ್ತ್ರ ಓದವ್ರು ಬ್ಯಾರೆ. ಗುರುಗಳಿಗಿ ಭೂಮಿ, ಓದೋ ಹುಡುಗ್ರಿಗಿ ಊಟ ಬಟ್ಟಿ. ಪುಸ್ತಕ ನೋಡ್ಕೊಳ್ಳಾಕ ಸರಸ್ವತೀ ಭಂಡಾರಿಗಳು ಅಂತ ಆರು ಮಂದಿ.

— ಆರು ಮಂದಿ ಗ್ರಂಥಪಾಲಕರು! ನಾ ಪಾಠ ಮಾಡೋ ಕಾಲೇಜಿನಾಗ ಒಬ್ರೂ ಇಲ್ಲ. ಬೀಗದ ಕೈ ಅಟೆಂಡರ್ ಹತ್ರ ಇರ್ತದ, ಆತ ಬ್ಯಾಂಕಿಗಿ ಹೋಗಿರ್ತಾನ.

— ಅದಕ್ಕೇ ಹೇಳ್ಲತ್ತೀನಿ. ಓದವ್ನಿಗಿ ಬೇಕಾದ್ದು ಬಿಡುವು, ಆ ಬಿಡುವಿಗಿ ಯಾರೋ ಭೂಮಿ ಬಿಟ್ಟುಕೊಡಬೇಕು ಅನ್ನೋದು 1058ರಾಗೇ ಕಲ್ಲಿನ ಮ್ಯಾಲ ಬರದಿಟ್ಟಾರ. ಶಿಷ್ಯವೇತನ ಅಂತ ನಾವೀಗ ಅನ್ನೋದು ಅದೇ.

— ಆ ಘಟಿಕೆಯಾಗ ಹೆಣ್ಣುಮಕ್ಕಳು ಎಷ್ಟಿದ್ರು ಸರ್?

— ಬಿಡವ್ವ, ಕೆಣಕಬ್ಯಾಡ.

— ಇನ್ನೊಂದು ಕೆಣಕ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ನೌಕರಿ ಮಾಡ್ಕೋತ ಪಿಎಚ್.ಡಿ. ಮುಗಿಸಿದ್ರಿ ಅಂತ ಊರೆಲ್ಲ ಹೊಗಳ್ತದ. ನಸುಕಿನ್ಯಾಗ ನಾಲ್ಕಕ್ಕ ಏಳ್ತಿದ್ರಂತ. ಆ ನಾಲ್ಕಕ್ಕ ಚಾ ಯಾರು ಮಾಡಿ ಕೊಡ್ತಿದ್ರು?

— ನಿಮ್ಮ ಅಮ್ಮಾರೇ. ಮಾಡಿ ಕೊಟ್ಟು, ಎಮ್ಮಿ ಹಿಂಡಿ, ಹುಡುಗ್ರಿಗಿ ಎಬ್ಬಿಸಿ, ಸಾಲಿಗಿ ಕಳಿಸಿ, ನನ್ನ ಡಬ್ಬಿ ಕಟ್ಟಿ... ಪ್ರಬಂಧದ ಕೃತಜ್ಞತೆಯೊಳಗ ಅವ್ರ ಹೆಸರು ಕೊನೇ ಸಾಲಿನಾಗ ಅದ. ಟೈಪ್ ಮಾಡಿದವ್ರ ಕೆಳಗಿನ ಸಾಲು.

— ಅಮ್ಮಾರು ಒಳಗ ಕೇಳ್ಸ್ಕೊಳ್ಳಲತ್ತಾರ.

— ಕೇಳ್ಸ್ಕೊಳ್ಳಿ. ಅವ್ರಿಗಿ ಗೊತ್ತಿಲ್ದಿದ್ದೇನದ? ಆದ್ರ ಒಂದು ಮಾತು ಕೇಳು. ನೀ ಈಗ ಹೇಳಿದ್ದು ಎಲ್ಲಾ ಖರೆ. ನಿನಗ ಭರತ ಮಂತ್ರಿ ಇಲ್ಲ, ಮಧುಸೂದನ ದಂಡನಾಯಕ ಇಲ್ಲ, ಮನ್ಯಾಗ ಚಾ ಮಾಡಿಕೊಡವ್ರು ಇಲ್ಲ. ಒಪ್ದೆ. ಹಿಂಗ್ ಒಪ್ಪಿದ ಮ್ಯಾಲೂ ಮೂರನೇ ಅಧ್ಯಾಯ ಬರೀಬೇಕಲ್ಲ?

— ಅದ್ಕೇ ಬಂದೀನಲ್ರಿ.

— ಹಂಗಾದ್ರ ಹೇಳು, ಹೊಲದ ಕೆಲಸ ಇಲ್ದ ದಿನ, ಪಾಠ ಇಲ್ದ ದಿನ, ನೀ ಏನ್ ಮಾಡ್ತಿ?

— ಖಣಿಗಿ ಹೋಗ್ತೀನಿ. ಇನ್ನಾ ನಾಲ್ಕು ಹೆಣ್ಣುಮಕ್ಕಳ ಮಾತು ರೆಕಾರ್ಡ್ ಮಾಡ್ತೀನಿ.

— ಮೊದಲು ಮಾಡಿದ್ದು?

— ಫೋನಿನಾಗ ಅವ. ಬರದು ಇಳಿಸಿಲ್ಲ.

— ಎಷ್ಟು?

— ಅದ್ನ ಕೇಳಬ್ಯಾಡ್ರಿ.

— ಅಲ್ಲೇ ಅದ ನೋಡು ನಿನ್ನ ರೋಗ. ಕೂಡಿಸೋದು ಕೆಲಸದಂಗ ಕಾಣ್ತದ. ಬಿಸಲಾಗ ತಿರುಗಿ ಬಂದ್ರ ಮೈ ನೋಯ್ತದ, ಇವತ್ತು ದುಡದೆ ಅನ್ನಿಸ್ತದ. ಬರಿಯೋದು ಹಂಗಲ್ಲ. ನೆಳ್ಳಿಗಿ ಕುಂತು ಮೂರು ತಾಸಿಗಿ ಅರ್ಧ ಪುಟ ಆದ್ರ ಮಂದಿ ಬಿಡು, ನಮಗೇ ನಾಚಿಕಿ ಬರ್ತದ. ಅದಕ್ಕ ಸಂಶೋಧಕರು ಬರಿಯೋದು ತಪ್ಪಿಸ್ಕೊಂಡು ಮತ್ತ ಮತ್ತ ಮಾಹಿತಿ ಕೂಡಿಸ್ಲಕ್ಕ ಹೋಗ್ತಾರ. ನನ್ನ ಜೋಡಿ ಒಬ್ಬ ಶಾಸನ ಕೂಡಿಸ್ತಿದ್ದ. ಚೀಲ ಚೀಲ. ನಿವೃತ್ತಿ ಆದ, ಚೀಲ ಅಟ್ಟದ ಮ್ಯಾಲ ಹೋದವು.

— ಖಣಿ ಹೆಣ್ಣುಮಕ್ಕಳು ಮಾತಾಡೋದೇ ಅಪರೂಪ ಸರ್. ಮೇಸ್ತ್ರಿ ಇದ್ರ ಬಾಯಿ ಬಿಡಂಗಿಲ್ಲ. ಸಿಕ್ಕಾಗ ಹಿಡ್ಕೋಬೇಕು.

— ಯಾವ ತಿಂಗಳಾಗ ಸಿಗ್ತಾರ?

— ದೀಪಾವಳಿ ಆದ ಮ್ಯಾಲಿಂದ. ಮಳಿಗಾಲದಾಗ ಖಣಿಯೊಳಗ ನೀರು ನಿಲ್ತದ, ಕೆಲಸ ಇರಂಗಿಲ್ಲ, ಅವ್ರೆಲ್ಲ ಕಳೆ ತೆಗಿಲಕ್ಕ ಹೊಲಕ್ಕ ಹೋಗ್ತಾರ. ಬ್ಯಾಸಗ್ಯಾಗ ಬಿಸಲು ಏರೋದ್ರಾಗ ಕೆಲಸ ಹಚ್ಚಿ ಮಧ್ಯಾಹ್ನಕ್ಕ ಬಿಡ್ತಾರ. ಸಂಜಿ ಮುಂದ ಓಣ್ಯಾಗ ಕುಂತಿರ್ತಾರ, ಅವಾಗ ಛಲೋ ಮಾತಾಡ್ತಾರ.

— ನೋಡು, ನಿನ್ನ ವರ್ಷ ನೀನೇ ಹೇಳಿದಿ. ಜನವರಿಯಿಂದ ಮೇ ತನಕ ಸಂಜಿ ಹೊತ್ತು ಓಣಿ. ಮಳಿಗಾಲ ಪೂರಾ ಮನಿ. ನದಿ ತುಂಬಿ ದಾರಿ ಬಂದ್ ಆದ ದಿನ ನಿನಗ ಲುಕ್ಸಾನ ಅಂತ ತಿಳ್ಕೊಂಡಿ. ಅವತ್ತು ಯಾರೂ ಬಾ ಅನ್ನಂಗಿಲ್ಲ, ನೀ ಎಲ್ಲಿಗೂ ಹೋಗಂಗಿಲ್ಲ. ಬರಿಲಕ್ಕ ಅದಕ್ಕಿಂತ ಛಲೋ ದಿನ ಯಾವುದು?

— ನದಿ ತುಂಬಿದ ದಿನ ನಮ್ಮ ಮನ್ಯಾಗ ಯಾರೂ ಪ್ರಬಂಧದ ವಿಚಾರ ಮಾಡಂಗಿಲ್ರಿ. 2020ರ ಅಕ್ಟೋಬರ್ ನೆನಪಿಲ್ಲೇನು? ಕೈಗಿ ಬಂದ ಬೆಳಿ ನೀರಾಗ ನಿಂತಿತ್ತು. ಅವತ್ತು ನಮ್ಮಪ್ಪನ ಮುಂದ ಕುಂತು ಎರಡನೇ ಅಧ್ಯಾಯದ ಪೀಠಿಕೆ ಬರೀಲೇನು?

— ಅಂಥಾ ದಿನ ಬ್ಯಾಡ. ನಾ ಹೇಳಿದ್ದು ತಪ್ಪಾಯ್ತು ಅನ್ನು. ಆದ್ರ ಪ್ರತಿ ಮಳಿ 2020 ಅಲ್ಲ.

— ಅಲ್ಲ. ಅದೂ ಖರೆ.

— ಕಲ್ಲು ಒಡಿಯೋರು ಪರ್ಸಿ ಹ್ಯಾಂಗ್ ಎಬ್ಬಿಸ್ತಾರ, ನೀನೇ ನೋಡಿದಾಕಿ. ಎಲ್ಲಿ ಬೇಕಾದಲ್ಲಿ ಸುತ್ತಿಗಿ ಹಾಕಿದ್ರ ಚೂರಾಗ್ತದ. ಪದರು ಎಲ್ಲದ ಅಂತ ನೋಡಿ ಉಳಿ ಇಟ್ರ ಚಪ್ಪಡಿ ತಾನೇ ಮ್ಯಾಲೇಳ್ತದ. ಹೊತ್ತಿಗೂ ಪದರು ಅವ. ವಿಚಾರ ಮಾಡಿ ಬರಿಯೋ ಹೊತ್ತು ಬ್ಯಾರೆ, ಸುಮ್ನ ಕೈ ಓಡಿಸೋ ಹೊತ್ತು ಬ್ಯಾರೆ. ನಾ ಆಗ ಸೇಡಂದಿಂದ ಗುಲ್ಬರ್ಗಕ್ಕ ಹೋಗ್ಬೇಕಂದ್ರ ವಾಡಿ ಮ್ಯಾಲ ಹೋಗ್ತಿದ್ದೆ. ಸಿಕಂದರಾಬಾದ್ ಲೈನು, 1874ರಾಗ ನಿಜಾಮರು ಹಾಕ್ಸಿದ್ದು. ವಾಡ್ಯಾಗ ಇಳದು ಇನ್ನೊಂದು ಗಾಡಿ ಹಿಡೀಬೇಕು. ಅದು ಯಾವತ್ತೂ ಹೊತ್ತಿಗಿ ಬರ್ತಿರಲಿಲ್ಲ. ನನ್ನ ಅಡಿಟಿಪ್ಪಣಿ ಎಲ್ಲಾ ವಾಡಿ ಪ್ಲಾಟ್‌ಫಾರಂ ಮ್ಯಾಲ ಆದಾವು. ಗ್ರಂಥಋಣ, ಪುಟ ಸಂಖ್ಯೆ, ತಾರೀಖು ತಾಳಿ ನೋಡೋದು. ಅದಕ್ಕ ತಲಿ ಬ್ಯಾಡ, ಬೆಂಚು ಸಾಕು. ಸಿಮೆಂಟ್ ಧೂಳು ಹಾಳಿ ಮ್ಯಾಲ ಕೂಡ್ತಿತ್ತು, ಊದಿ ಮುಂದ ಬರೀತಿದ್ದೆ.

— ನಾ ಬಸ್ಸಿನಾಗ ನಿಂತು ಹೋಗ್ತೀನ್ರಿ.

— ನಿಂತು ಹೋಗೋವಾಗ ಕಿವಿ ಖಾಲಿ ಇರ್ತಾವಲ್ಲ? ನಿನ್ನ ರೆಕಾರ್ಡಿಂಗ್ ಕೇಳು. ಎಲ್ಲಿ ಕೆಲಸಕ್ಕ ಬರೋ ಮಾತದ, ಅಲ್ಲಿ ಮಿನಿಟಿನ ಲೆಕ್ಕ ಬರದಿಟ್ಕೊ. ಪೂರಾ ಇಳಿಸೋ ಹುಚ್ಚು ಬಿಡು, ಬೇಕಾದ್ದಷ್ಟೇ ಇಳಿಸು. ನಸುಕಿನ ಹೊತ್ತಿನಾಗ ಮಾತ್ರ ಫೋನು ಕೈಯಾಗ ಹಿಡೀಬ್ಯಾಡ. ಇಮೇಲ್, ಫಾರ್ಮು, ವಾಟ್ಸಾಪ್ ಗುಂಪಿನ ನೋಟಿಸು ಏನಿದ್ರೂ ರಾತ್ರಿಗಿ. ದಣದ ತಲಿ ಫಾರ್ಮ್ ತುಂಬ್ತದ, ಅಧ್ಯಾಯ ಬರಿಯಂಗಿಲ್ಲ.

— ನಸುಕಿನ್ಯಾಗ ಒಂದು ತಾಸು ಸಿಗ್ತದ ಅಷ್ಟೇ. ಒಂದು ತಾಸಿನಾಗ ಏನ್ ಬರೀಲಿ ಅನ್ನಿಸ್ತದ. ಹಿಂದಿನ ದಿನ ಎಲ್ಲಿ ಬಿಟ್ಟಿದ್ದೆ ಅಂತ ಹುಡುಕೋದ್ರಾಗ ಅರ್ಧ ತಾಸು ಹೋಗ್ತದ. ಒಂದು ವಾರ ಪೂರಾ ಸಿಕ್ರ ಕುಂತು ಮುಗಿಸ್ತಿದ್ದೆ.

— ಆ ಪೂರಾ ವಾರ ಯಾರಿಗೂ ಸಿಗಂಗಿಲ್ಲ. ರಾಬರ್ಟ್ ಬಾಯ್ಸ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಕಾಲೇಜಿನ ಮಾಸ್ತರ್ರು ಹ್ಯಾಂಗ್ ಬರೀತಾರ ಅಂತ ವರ್ಷಗಟ್ಲೆ ನೋಡ್ಯಾನ. ದೊಡ್ಡ ಬಿಡುವು ಸಿಗಲಿ ಅಂತ ಕಾದವ್ರಿಗಿಂತ ದಿನಾ ಜರಾ ಜರಾ ಬರದವ್ರು ಹೆಚ್ಚು ಬರದಾರ ಅಂತ ಅವನ ತೀರ್ಮಾನ.

— ಅವ್ರು ಪಗಾರ ಇದ್ದ ಮಾಸ್ತರ್ರು.

— ಹೌದವ್ವ, ಪಗಾರ ಇದ್ದವ್ರೇ. ಪಗಾರ ಇದ್ದವ್ರೇ ಕಾದು ಕಾದು ಬರೀಲಿಲ್ಲ ಅಂದ ಮ್ಯಾಲ ಕಾಯೋದು ದಂಡ ಅನ್ನೋದು ಇನ್ನಾ ಪಕ್ಕಾ ಆಯ್ತಲ್ಲ? ಹುಡುಕೋದ್ರಾಗ ಅರ್ಧ ತಾಸು ಹೋಗ್ತದ ಅಂದಿ. ಅದಕ್ಕ ಮದ್ದದ. ದಿನಾ ಬಿಟ್ಟೇಳೋವಾಗ ನಾಳಿ ಯಾವ ಸಾಲಿಂದ ಶುರು ಮಾಡ್ತಿ ಅನ್ನೋದು ಬರದಿಟ್ಟೇಳು. ಸಾಲು ಅರ್ಧಕ್ಕ ಬಿಟ್ರೂ ನಡೀತದ. ಮರುದಿನ ಕೈ ತಾನೇ ಅಲ್ಲಿಗಿ ಹೋಗ್ತದ.

— ಅರ್ಧ ಸಾಲು ಅಂದ್ರಿ, ನನಗೊಂದು ನೆನಪಾಯ್ತು. ಕ್ಲಾಸಿನಾಗ ನೀವೇ ಹೇಳಿದ್ರಿ, ಜಿನಸೇನರು ಆದಿಪುರಾಣ ಅರ್ಧಕ್ಕ ಬಿಟ್ಟು ತೀರ್ಕೊಂಡ್ರು, ಶಿಷ್ಯ ಗುಣಭದ್ರರು ಮುಗಿಸಿದ್ರು ಅಂತ.

— ಜಿನಸೇನರೂ ಹಂಗೇ ಮಾಡಿದ್ರಲ್ಲ. ಅವ್ರ ಗುರು ವೀರಸೇನರು ಜಯಧವಲ ಟೀಕೆ ಅರ್ಧಕ್ಕ ಬಿಟ್ಟು ಹೋದಾಗ, ಇವ್ರು ಕುಂತು 837ರಾಗ ಮುಗಿಸಿದ್ರು. ಅಮೋಘವರ್ಷನ ಕಾಲ. ಒಂದು ಆಯುಷ್ಯ ಸಾಲದಾದ್ರ ಇನ್ನೊಂದು ಕೂಡಿಸ್ತಿದ್ರು.

— ಈಗ ಗೈಡ್ ನಿವೃತ್ತಿ ಆದ್ರ ವಿದ್ಯಾರ್ಥಿ ಇನ್ನೊಬ್ಬ ಗೈಡನ್ನ ಹುಡ್ಕೊಂಡು ತಿರುಗಬೇಕು. ನಾ ಅರ್ಧಕ್ಕ ಬಿಟ್ರ ಮುಗಿಸ್ಲಕ್ಕ ನನಗ ಯಾವ ಗುಣಭದ್ರ ಇದ್ದಾನ್ರಿ? ಸರ್, ನನಗ ಖರೆ ಸಿಟ್ಟು ಬರೋದು ಎದಕ್ಕ ಅಂದ್ರ, ಅಧ್ಯಾಯ ಕೊಟ್ಟು ಎರಡು ಎರಡು ತಿಂಗಳು ತಿರುಗಿ ಬರಂಗಿಲ್ಲ. ಸಹಿಗಿ ಅಂತ ಹೋದ್ರ ಮೀಟಿಂಗ್. ಶಿಷ್ಯವೇತನ ಇದ್ದ ಗೆಳತ್ಯಾರಿಗಿ ರೊಕ್ಕ ಹೊತ್ತಿಗಿ ಬರಂಗಿಲ್ಲ. ಅವ್ರ ಹೊತ್ತು ಅವ್ರು ಹ್ಯಾಂಗರ ಬಳಸಬಹುದು, ನಮ್ಮ ಹೊತ್ತು ಮಾತ್ರ ನಾವು ಸರಿಯಾಗಿ ಬಳಸಬೇಕು. ಹೊತ್ತಿನ ನಿರ್ವಹಣೆ ಅಂತ ಕಾರ್ಯಾಗಾರ ಮಾಡಿದ್ರು. ಹತ್ತಕ್ಕ ಕರದು ಹನ್ನೆರಡೂವರಿಗಿ ಉದ್ಘಾಟನೆ ಆಯ್ತು.

— ಊಟ ಛಲೋ ಇತ್ತೇನು?

— ಊಟ ಛಲೋ ಇತ್ತು.

— ನೋಡು, ನಮ್ಮ ಕಾಲಕ್ಕ ಈ ಸೀಮ್ಯಾಗ ವಿಶ್ವವಿದ್ಯಾಲಯನೇ ಇರ್ಲಿಲ್ಲ. ಓದಬೇಕಂದ್ರ ಧಾರವಾಡ ಇಲ್ಲಾ ಹೈದರಾಬಾದ್. ಧಾರವಾಡದವ್ರು 1970ರಾಗ ಗುಲ್ಬರ್ಗದಾಗ ಸ್ನಾತಕೋತ್ತರ ಕೇಂದ್ರ ತೆಗೆದ್ರು, 1980ರಾಗ ಅದೇ ವಿಶ್ವವಿದ್ಯಾಲಯ ಆಯ್ತು, 2009ರಾಗ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಅದೀಗ ಕಡಗಂಚಿಯಾಗ ಅದ. ಕಟ್ಟಡ ಬಂದವು, ಹೊತ್ತಿಗಿ ಬೆಲೆ ಕೊಡೋ ರೂಢಿ ಬರೋದು ತಡ ಆಗ್ಯದ. ಅದರ ಬಗ್ಗೆ ನೀವು ನಾಲ್ಕು ಮಂದಿ ಕೂಡಿ ಬರದು ಕೊಡ್ರಿ. ಅಧ್ಯಾಯ ಇಷ್ಟು ದಿನದಾಗ ನೋಡಿ ಕೊಡಬೇಕು ಅಂತ ಸಮಿತಿ ಮುಂದೇ ಕೇಳ್ರಿ, ನಡಾವಳಿಯೊಳಗ ಬರೆಸ್ರಿ. ಬಾಯಿ ಮಾತು ಯಾರೂ ನೆನಪಿಡಂಗಿಲ್ಲ.

— ಕೇಳಿದವ್ರ ಹೆಸರು ನೆನಪಿಡ್ತಾರ.

— ಅದ್ಕೇ ನಾಲ್ಕು ಮಂದಿ ಅಂದೆ. ಆದ್ರ ಒಂದು ಅಧ್ಯಾಯ ಅವ್ರ ಮೇಜಿನ ಮ್ಯಾಲ ಕುಂತದ ಅಂತ ಇನ್ನೊಂದು ಬರೀದೇ ಕುಂತ್ರ, ಅದು ಅವ್ರ ತಡ ಅಲ್ಲ, ನಿಂದು.

— ಕಾಯೋದೂ ಒಂದು ಕೆಲಸನೇ ಸರ್. ಮೈಯಾಗಿಂದು ಶಕ್ತಿ ಹೋಗ್ತದ. ಒಂದು ಅಧ್ಯಾಯಕ್ಕ ಏನಂತಾರೋ ಅಂತ ತಲ್ಯಾಗ ಇದ್ರ ಇನ್ನೊಂದು ಬರೀಲಕ್ಕ ಬರಂಗಿಲ್ಲ. ಇದ್ನ ನೀವು ಒಪ್ಪಂಗಿಲ್ಲ ಅಂತ ಗೊತ್ತದ.

— ಒಪ್ಪಂಗಿಲ್ಲ.

— ಬಿಡ್ರಿ.

— ಮೂರನೇ ಅಧ್ಯಾಯದಾಗ ಏನದ?

— ಕೂಲಿ ಲೆಕ್ಕ. ಗಂಡಾಳು ಕಲ್ಲು ಕೊರೀತಾನ, ಹೆಣ್ಣಾಳು ಚೂರು ಹೊತ್ತು ಹಾಕ್ತಾಳ, ಗಾಡಿ ತುಂಬ್ತಾಳ. ಕೊರದ ಕಲ್ಲಿಗಿ ಅಳತಿ ಅದ, ಹೊತ್ತ ಚೂರಿಗಿ ಅಳತಿ ಇಲ್ಲ. ದುಡಿಮಿ ಅಳಿಯೋದು ಹ್ಯಾಂಗ ಅನ್ನೋದೇ ಅಧ್ಯಾಯ.

— ನಿನ್ನ ಬಣ್ಣದ ಪಟ್ಟ್ಯಾಗ ರೊಟ್ಟಿ ಬಡಿಯೋದಕ್ಕ ಬಣ್ಣ ಅದೇನು?

— ...ಇಲ್ರಿ.

— ಹಾಕು. ಹಾಕಿ, ಉಳದದ್ದು ಎಷ್ಟು ಅಂತ ನೋಡು. ಅಷ್ಟೇ ನಿನ್ನ ಕೈಯಾಗಿರೋದು. ಅದರ ಮ್ಯಾಲ ಮಾತು ಕೊಡು ಸಮಿತಿಗಿ. ಮೂರನೇ ಅಧ್ಯಾಯ ಮೊದಲಿಂದ ಬರೀಬ್ಯಾಡ. ಯಾವ ಹೆಣ್ಣುಮಗಳ ಮಾತು ನಿನಗ ಬಾಯಿಪಾಠ ಬರ್ತದ?

— ಒಬ್ಬಾಕಿ ಮುದುಕಿ ಇದ್ದಾಳ. ಆಕಿಂದು ಪೂರಾ ಬರ್ತದ.

— ಆಕಿಯಿಂದ ಶುರು ಮಾಡು. ಸಿದ್ಧಾಂತ, ಪೂರ್ವ ಅಧ್ಯಯನ ಎಲ್ಲಾ ವಾಡಿ ಪ್ಲಾಟ್‌ಫಾರಂ ಕೆಲಸ. ಶುಕ್ರವಾರ ಹತ್ತು ಪುಟ ತಂದು ಕೊಡು, ನಾ ಶನಿವಾರ ನೋಡಿ ಕೊಡ್ತೀನಿ. ನನಗ ಮೀಟಿಂಗ್ ಇರಂಗಿಲ್ಲ.

— ಎಂಟು.

— ಹತ್ತು.

— ಎಂಟ್ರಿ ಸರ್. ಅದರಾಗ ಕೂಲಿ ಕೋಷ್ಟಕನೂ ಸೇರಿಸ್ರಿ.

— ಕೋಷ್ಟಕ ಪುಟದ ಲೆಕ್ಕಕ್ಕ ಬರಂಗಿಲ್ಲ.

— ಹಂಗಾದ್ರ ಆರು.